ಹೋರಿಯ ಹಲ್ಲು, ಹುಡುಗನ ಮಾರು

ಜೂನ್ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ನನ್ನ ಸೋದರಳಿಯ ಹಾಲಿನವನಿಗಿಂತ ಮುಂಚೆ ಏಳುತ್ತಾನೆ. ವರ್ಷದ ಉಳಿದ ದಿನಗಳಲ್ಲಿ ಅವನನ್ನು ಎಬ್ಬಿಸಬೇಕಾದರೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಂದೆರಡು ಪಾತ್ರೆ ಬೀಳಿಸಬೇಕು, ಮಿಕ್ಸಿ ಓಡಿಸಬೇಕು, ಅದಕ್ಕೂ ಬಗ್ಗದಿದ್ದರೆ ಫ್ಯಾನು ಆರಿಸಬೇಕು. ಆ ಒಂದು ದಿನ ಮಾತ್ರ ಯಾರ ಉಪಕಾರವೂ ಇಲ್ಲದೆ ಐದಕ್ಕೇ ಎದ್ದು, ಮುಖ ಕೂಡ ತೊಳೆಯದೆ, ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಟಿವಿ ಮುಂದೆ ಕೂತಿರುತ್ತಾನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ. ನ್ಯೂಯಾರ್ಕಿನಲ್ಲಿ ರಾತ್ರಿ ಎಂಟು ಹೊಡೆದಾಗ ನಮ್ಮ ಬೆಂಗಳೂರಿನಲ್ಲಿ ಬೆಳಗಿನ ಐದೂವರೆ.

ಮೊದಲ ಸಲ ಇದನ್ನು ನೋಡಿದಾಗ ನನ್ನವಳು ಕಾಫಿ ಲೋಟ ಹಿಡಿದು ಹಾಗೇ ನಿಂತಳು. ಹೊಸ ಸೂಟು ಹೊಲಿಸಿಕೊಂಡ ತೆಂಗಿನ ಮರದಂಥ ಹುಡುಗರು, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವ ತಾಯಂದಿರು, ದುಂಡು ಮೇಜು, ಹೂಕುಂಡ. ಬೋಳುತಲೆಯ ಎತ್ತರದ ಯಜಮಾನರೊಬ್ಬರು ಬಂದು ಚೀಟಿ ನೋಡಿ ಒಂದು ಹೆಸರು ಓದುತ್ತಾರೆ. ಹೆಸರಿನವನು ಎದ್ದು ತಾಯಿಯನ್ನು ತಬ್ಬಿಕೊಂಡು, ತಲೆಗೊಂದು ಟೋಪಿ ಇಟ್ಟುಕೊಂಡು ವೇದಿಕೆ ಹತ್ತುತ್ತಾನೆ. "ಹೆಣ್ಣುಮಕ್ಕಳನ್ನ ಕಳಿಸಿಕೊಡೋ ಶಾಸ್ತ್ರ ಎಷ್ಟೋ ನೋಡಿದೀನಿ. ಗಂಡುಮಕ್ಕಳನ್ನ ಕಳಿಸಿಕೊಡೋದು ಇದೇ ಮೊದಲು" ಎಂದಳು. ಇಷ್ಟು ವರ್ಷದಲ್ಲಿ ಡ್ರಾಫ್ಟನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ.

"ಐಪಿಎಲ್ ಹರಾಜಿನ ಥರಾನೇನೋ?" ಎಂದು ಒಮ್ಮೆ ಕೇಳಿ ಬೈಸಿಕೊಂಡೆ. ಥರ ಅಲ್ಲವಂತೆ. ಹರಾಜಿನಲ್ಲಿ ದುಡ್ಡಿದ್ದವನು ಕೈ ಎತ್ತಬಹುದು. ಡ್ರಾಫ್ಟಿನಲ್ಲಿ ಸರದಿ ಬಂದವನು ಮಾತ್ರ ಬಾಯಿ ಬಿಡಬೇಕು. 30 ತಂಡ, ಎರಡು ಸುತ್ತು. ಹತ್ತೊಂಬತ್ತು ತುಂಬುವ ಹುಡುಗರು, ಕೆಲವರು ಅಮೆರಿಕದ ಕಾಲೇಜುಗಳಿಂದ, ಕೆಲವರು ಸರ್ಬಿಯಾ, ಗ್ರೀಸ್, ಫ್ರಾನ್ಸ್ ಕಡೆಯಿಂದ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿಗಳು, ಗೆದ್ದು ಬೀಗಿದವರಿಗೆ ಕೊನೆಯವು. ಯಾರ ಟೋಪಿ ಬೀಳುತ್ತದೋ ಆ ಊರಿಗೆ ಹುಡುಗ ಹೋಗಬೇಕು. ನನಗೆ ಆ ಊರಿನ ಚಳಿ ಆಗಿಬರಲ್ಲ ಎನ್ನುವಂತಿಲ್ಲ.

ಟೋಪಿ ತಲೆಗೇರಿದ ಮರುಕ್ಷಣವೇ ನಮ್ಮ ಮನೆಯ ಪರೀಕ್ಷಕರು ಅಂಕ ಕೊಡಲು ಶುರು ಮಾಡುತ್ತಾರೆ. "ಬಿ ಪ್ಲಸ್. ಇನ್ನೂ ಮೂರು ಸರದಿ ಬಿಟ್ಟು ತಗೊಂಡಿದ್ರೂ ಸಿಗ್ತಿದ್ದ." "ಎಫ್! ಇವರಿಗೆ ಬುದ್ಧಿ ಬರಲ್ಲ ಮಾವ." ಆ ಹುಡುಗ ಇನ್ನೂ ಒಂದು ಪಂದ್ಯ ಆಡಿಲ್ಲ, ಹೊಸ ಊರಿನಲ್ಲಿ ಅವನಿಗೆ ಬಾಡಿಗೆ ಮನೆ ಸಿಕ್ಕಿಲ್ಲ, ಅಷ್ಟರಲ್ಲಿ ಇಲ್ಲೊಬ್ಬ ಹಲ್ಲುಜ್ಜದೆ ಅವನನ್ನು ಫೇಲು ಮಾಡಿ ಆಗಿದೆ.

ಇದನ್ನೆಲ್ಲ ನೋಡುತ್ತ ಕೂತಾಗ ನನಗೆ ನೆನಪಾಗುವುದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ನಮ್ಮ ತಾತ ದೊಡ್ಡಬಳ್ಳಾಪುರದ ಕಡೆಯವರು. ಅವರ ಬೆನ್ನು ಹಿಡಿದು ಎರಡು ವರ್ಷ ಆ ಜಾತ್ರೆಗೆ ಹೋಗಿದ್ದೆ. ಚಳಿಗಾಲದ ಇಬ್ಬನಿಯಲ್ಲಿ ಸಾಲುಗಟ್ಟಿ ನಿಂತ ಹಳ್ಳಿಕಾರ್ ಜೋಡಿಗಳು, ಎಣ್ಣೆ ಸವರಿದ ಕೊಂಬು, ಗಂಟೆ ಸದ್ದು, ಹುರುಳಿ ಬೇಯಿಸಿದ ವಾಸನೆ. ತಾತ ಹೋರಿಯ ಹತ್ತಿರ ಹೋದವರೇ ಅದರ ಕೆಳತುಟಿ ಎಳೆದು ಹಲ್ಲು ನೋಡುತ್ತಿದ್ದರು. ಹಾಲುಹಲ್ಲಿನದಕ್ಕೆ ಒಂದು ಲೆಕ್ಕ, ಎರಡು ಹಲ್ಲಿನದಕ್ಕೆ ಇನ್ನೊಂದು, ಬಾಯಿಗೂಡಿದ ಎತ್ತಿಗೆ ಮತ್ತೊಂದು. ನಾಳೆಯೇ ನೇಗಿಲು ಹೂಡಬೇಕಾದವನು ಬಾಯಿಗೂಡಿದ್ದನ್ನು ಕೊಳ್ಳುತ್ತಾನೆ. ಮನೆಯಲ್ಲಿ ಹುಲ್ಲು, ಮನಸ್ಸಿನಲ್ಲಿ ತಾಳ್ಮೆ ಎರಡೂ ಇರುವವನು ಹಾಲುಹಲ್ಲಿನದಕ್ಕೆ ಕೈ ಹಾಕುತ್ತಾನೆ. ಆಮೇಲೆ ಸುಳಿ ನೋಡುವುದು. ಮೈಮೇಲಿನ ಕೂದಲಿನ ಸುಳಿ ಇಂಥ ಕಡೆ ಇದ್ದರೆ ಮನೆಗೆ ಲಕ್ಷ್ಮಿ, ಅಂಥ ಕಡೆ ಇದ್ದರೆ ಯಜಮಾನನಿಗೇ ಕಂಟಕ. ಕೊನೆಗೆ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ತಾತನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಆ ಟವೆಲ್ಲಿನ ಒಳಗೆ ಏನು ನಡೆಯಿತು ಎನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ.

ಎರಡನೇ ವರ್ಷ ತಾತ ಒಂದು ಹೋರಿಯನ್ನು ಹಲ್ಲು ನೋಡಿ ಒಪ್ಪಿ, ಗೊರಸು ನೋಡಿ ಒಪ್ಪಿ, ನಡೆಸಿ ನೋಡಿ ಒಪ್ಪಿ, ಬೆನ್ನಿನ ಮೇಲೊಂದು ಸುಳಿ ಕಂಡು ಬಿಟ್ಟರು. ನಮ್ಮ ಪಕ್ಕದ ಹೊಲದವರು ಅದನ್ನೇ ಕಡಿಮೆ ಬೆಲೆಗೆ ಹೊಡೆದುಕೊಂಡು ಬಂದರು. ಅದು ಎಷ್ಟು ವರ್ಷ ಉತ್ತಿತೋ! ನಾನು ಹೈಸ್ಕೂಲು ಮುಗಿಸಿ, ಕಾಲೇಜು ಮುಗಿಸಿ, ಕೆಲಸ ಸಿಕ್ಕಿ ಊರಿಗೆ ಸಿಹಿ ತೆಗೆದುಕೊಂಡು ಹೋದಾಗಲೂ ಅದು ಬೇಲಿಯ ಆಚೆ ತಲೆ ಆಡಿಸುತ್ತ ನಿಂತಿತ್ತು. ಜಗುಲಿಯ ಮೇಲೆ ಕೂತಿದ್ದ ತಾತ ಅದರತ್ತ ಕಣ್ಣು ಕಿರಿದು ಮಾಡಿ ನೋಡಿ ಹೇಳಿದರು: "ಆ ಸುಳಿ ಎಲ್ಲೂ ಹೋಗಿಲ್ಲ ಕಣ್ಲಾ. ಅಲ್ಲೇ ಐತೆ."

ಇರಲಿ, ಅಮೆರಿಕಕ್ಕೆ ಬರೋಣ. ಸೋತವನಿಗೆ ಮೊದಲ ಸರದಿ ಎಂದರೆ ಸೋಲಲು ಪೈಪೋಟಿ ನಡೆಯದೆ ಇರುತ್ತದೆಯೇ? ನಡೆಯಿತು. 1984ರ ತನಕ ಲೀಗಿನ ಎರಡು ವಿಭಾಗಗಳ ಕಟ್ಟಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ಯಾರಿಗೆಂದು ತೀರ್ಮಾನಿಸುತ್ತಿದ್ದರು. ಬೇಕೆಂದೇ ಸೋಲುತ್ತಿದ್ದಾರೆ ಎಂಬ ಗುಸುಗುಸು ಜೋರಾದ ಮೇಲೆ 1985ರಲ್ಲಿ ಲಾಟರಿ ತಂದರು. ಏಳು ಲಕೋಟೆಗಳನ್ನು ಒಂದು ಪಾರದರ್ಶಕ ಗೋಳದಲ್ಲಿ ತಿರುಗಿಸಿ, ಕಮಿಷನರ್ ಡೇವಿಡ್ ಸ್ಟರ್ನ್ ಒಂದನ್ನು ಎತ್ತಿದರು. ನ್ಯೂಯಾರ್ಕ್ ನಿಕ್ಸ್‌ಗೆ ಮೊದಲ ಸರದಿ, ಆ ವರ್ಷ ಎಲ್ಲರೂ ಬಯಸಿದ್ದ ಪ್ಯಾಟ್ರಿಕ್ ಯೂಯಿಂಗ್ ಆ ತಂಡದ ಪಾಲಾದ. ಆ ಲಕೋಟೆಯನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದರು, ಕೈಗೆ ಗೊತ್ತಾಗಲೆಂದು, ಎಂಬ ಪುಕಾರು ನಲವತ್ತು ವರ್ಷವಾದರೂ ಸತ್ತಿಲ್ಲ. ಈಗ 14 ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ಒಟ್ಟು 1,001 ಜೋಡಣೆ ಸಾಧ್ಯ. ಅದರಲ್ಲಿ 1,000 ತಂಡಗಳಿಗೆ ಹಂಚಿಕೆ, ಉಳಿದ ಒಂದು ಬಂದರೆ ಇನ್ನೊಮ್ಮೆ ಎತ್ತುವುದು. 2019ರಿಂದ ಅತಿ ಕೆಟ್ಟ ಮೂರು ತಂಡಗಳಿಗೆ ಸಮಾನವಾಗಿ ಶೇ. 14ರಷ್ಟು ಅವಕಾಶ. ಇಷ್ಟು ಗಣಿತ ಮಾಡಿದರೂ ಪುಕಾರು ನಿಲ್ಲುವುದಿಲ್ಲ. 2025ರಲ್ಲಿ ಶೇ. 1.8ರಷ್ಟೇ ಅವಕಾಶವಿದ್ದ ಡಲ್ಲಾಸ್‌ಗೆ ಮೊದಲ ಸರದಿ ಬಂದಾಗ ನಮ್ಮ ಹುಡುಗ ನನ್ನ ಮುಖ ನೋಡಿ "ಫ್ರಿಜ್ಜು, ಮಾವ" ಎಂದ.

ಈಗ ಅಳತೆಯ ವಿಷಯ. ಡ್ರಾಫ್ಟಿಗೆ ಮುಂಚೆ ಹುಡುಗರನ್ನೆಲ್ಲ ಒಂದು ಕಡೆ ಸೇರಿಸಿ ಅಳೆಯುತ್ತಾರೆ. ಬರಿಗಾಲಿನ ಎತ್ತರ, ಕೈಯೆತ್ತಿ ನಿಂತಾಗಿನ ಎತ್ತರ, ನೆಗೆತ, ಓಟ, ಅಂಗೈ ಅಗಲ ಕೂಡ. ಎಲ್ಲಕ್ಕಿಂತ ಬೆಲೆ ಇರುವುದು ಎರಡೂ ತೋಳು ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ಎನ್ನುವುದಕ್ಕೆ. ಅದಕ್ಕೆ ಅವರು ಏನೇನೋ ಹೆಸರಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಅದು ಮಾರು. ಗಾಂಧಿಬಜಾರಿನ ಹೂವಿನವಳಿಗೆ ಗೊತ್ತಿರುವ ಅಳತೆ. ಸಾಮಾನ್ಯ ಮನುಷ್ಯನ ಮಾರು ಅವನ ಎತ್ತರದಷ್ಟೇ ಇರುತ್ತದೆ, ಅತ್ತಿತ್ತ ಒಂದೆರಡು ಇಂಚು. ಬ್ಯಾಸ್ಕೆಟ್‌ಬಾಲ್ ಆಡುವವನ ಮಾರು ಎತ್ತರಕ್ಕಿಂತ ನಾಲ್ಕೈದು ಇಂಚು ಮಿಕ್ಕಿದರೆ ಹುಡುಗರನ್ನು ಹುಡುಕುವ ಸ್ಕೌಟುಗಳ ಬಾಯಲ್ಲಿ ನೀರು. ಎದುರಾಳಿಯ ಚೆಂಡಿಗೆ ಅಡ್ಡ ಬರುವುದು ತಲೆಯಲ್ಲ, ಕೈ. 2023ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಫ್ರಾನ್ಸಿನ ವಿಕ್ಟರ್ ವೆಂಬಾನ್ಯಾಮನ ಮಾರು ಸುಮಾರು ಎಂಟು ಅಡಿ. ಈತ ಬ್ಯಾಸ್ಕೆಟ್‌ಬಾಲ್ ಬಿಟ್ಟು ಗಾಂಧಿಬಜಾರಿನಲ್ಲಿ ಮಲ್ಲಿಗೆ ಮಾರಲು ಕೂತರೆ ಗಿರಾಕಿಗಳ ಸಾಲು ಬಸವನಗುಡಿ ದಾಟುತ್ತದೆ, ಅವನು ಮಾತ್ರ ವಾರದಲ್ಲಿ ದಿವಾಳಿ ಎದ್ದು ಹೋಗುತ್ತಾನೆ.

ಅಳತೆ ಸುಳ್ಳು ಹೇಳುವುದಿಲ್ಲ, ನಿಜ. ಯಾವ ಅಳತೆ ಕೇಳಬೇಕಿತ್ತು ಎನ್ನುವುದು ಬೇರೆ ಮಾತು. 2007ರಲ್ಲಿ ಕೆವಿನ್ ಡ್ಯುರಾಂಟ್ ಎಂಬ ಕಡ್ಡಿ ಪೈಲ್ವಾನನಿಗೆ ಮಲಗಿಸಿ ಭಾರ ಎತ್ತಲು ಹೇಳಿದರು. 185 ಪೌಂಡ್, ಅಂದರೆ 84 ಕಿಲೋ. ಉಳಿದವರು ಹತ್ತು, ಹದಿನೈದು ಸಲ ಎತ್ತಿದರು. ಇವನು ಒಂದು ಸಲವೂ ಎತ್ತಲಾರದೆ ಹೋದ. ಸೊನ್ನೆ. ಗೊಣಗಾಟವೋ ಗೊಣಗಾಟ. ಮುಂದಿನ ವರ್ಷ ಆತನೇ ವರ್ಷದ ಹೊಸ ಆಟಗಾರ, 2014ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಲಗಿಕೊಂಡು ಭಾರ ಎತ್ತುವ ಸಂದರ್ಭ ಅವನಿಗೆ ಒಮ್ಮೆಯೂ ಬಂದಂತಿಲ್ಲ. ಹತ್ತು ವರ್ಷ ಆಡಿದ ಮೇಲೂ ಈತನ ಎತ್ತರವನ್ನು ಆರು ಅಡಿ ಒಂಬತ್ತು ಇಂಚು ಎಂದೇ ಬರೆಸುತ್ತಿದ್ದರು, ನಿಂತರೆ ಅದಕ್ಕಿಂತ ಎತ್ತರ. ನಮ್ಮ ಮದುವೆ ಮಾತುಕತೆಗಳಲ್ಲಿ ಐದು ಅಡಿ ನಾಲ್ಕು ಇಂಚಿನ ಹುಡುಗ ಐದು-ಏಳಾಗುವುದನ್ನು ಕಂಡಿದ್ದೇನೆ. ಎತ್ತರವನ್ನು ಕಡಿಮೆ ಹೇಳಿಕೊಳ್ಳುವ ಗಂಡಸನ್ನು ಕಂಡದ್ದು ಇವನೊಬ್ಬನನ್ನೇ.

ಡ್ಯುರಾಂಟ್ ಆ ವರ್ಷ ಎರಡನೆಯವನು. ಮೊದಲನೆಯವನು ಗ್ರೆಗ್ ಓಡನ್. ಏಳು ಅಡಿಯ ಹುಡುಗ, ವಯಸ್ಸು ಹತ್ತೊಂಬತ್ತು, ಮುಖ ಮಾತ್ರ ನಿವೃತ್ತ ಹೆಡ್‌ಮಾಸ್ಟರದು. ಆರಿಸಿದವರು ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್. ಈ ಪೋರ್ಟ್‌ಲ್ಯಾಂಡ್ ಮನೆತನದ ಕಥೆ ಹೇಳದೆ ಡ್ರಾಫ್ಟಿನ ಮಾತು ಮುಗಿಯುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಇನ್ನೊಂದು ಲೋಟ ಕಾಫಿ ತರಿಸಿಕೊಳ್ಳಿ.

ಕೆಲವು ಮನೆಗಳಿಗೆ ಡಾಕ್ಟರ್ ಅಳಿಯನ ಹುಚ್ಚು ಇರುತ್ತದಲ್ಲ, ಪೋರ್ಟ್‌ಲ್ಯಾಂಡಿಗೆ ದೈತ್ಯರ ಹುಚ್ಚು. 1972ರಲ್ಲಿ ಮೊದಲ ಸರದಿಯಲ್ಲಿ ಲಾರೂ ಮಾರ್ಟಿನ್ ಎಂಬ ಎತ್ತರದವನನ್ನು ತಂದರು. ನಾಲ್ಕು ವರ್ಷಕ್ಕೆ ಅವನ ಆಟ ಮುಗಿಯಿತು. ಬಿಟ್ಟುಹೋದ ಬಾಬ್ ಮೆಕಡೂ ಮೂರು ವರ್ಷದಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. 1974ರಲ್ಲಿ ಮತ್ತೆ ಮೊದಲ ಸರದಿ, ಬಿಲ್ ವಾಲ್ಟನ್. ಈ ಸಲ ದೇವರು ಕಣ್ಣು ಬಿಟ್ಟ. 1977ರಲ್ಲಿ ವಾಲ್ಟನ್ ಆ ಊರಿಗೆ ಪ್ರಶಸ್ತಿ ತಂದುಕೊಟ್ಟ. ಇಂದಿನವರೆಗೂ ಅವರ ಮನೆಯಲ್ಲಿರುವುದು ಅದೊಂದೇ. ಮರುವರ್ಷವೇ ಅವನ ಪಾದ ಮುರಿಯಿತು, ಮನಸ್ಸೂ ಮುರಿಯಿತು, ಊರು ಬಿಟ್ಟ. ಅಲ್ಲಿಂದ ಆ ಮನೆಯಲ್ಲಿ ಒಂದೇ ಜಪ: ಇನ್ನೊಬ್ಬ ವಾಲ್ಟನ್ ಬೇಕು.

1984ರ ಜೂನ್ 19. ಹ್ಯೂಸ್ಟನ್ ಜೊತೆ ನಾಣ್ಯ ಚಿಮ್ಮಿಸುವಾಟದಲ್ಲಿ ಸೋತು ಪೋರ್ಟ್‌ಲ್ಯಾಂಡ್ ಎರಡನೇ ಸರದಿಗೆ ಬಂದಿತ್ತು. ಆ ಸರದಿಯೂ ಅವರ ಸ್ವಂತದ್ದಲ್ಲ, ಮೂರು ವರ್ಷದ ಹಿಂದೆ ಟಾಮ್ ಓವೆನ್ಸ್ ಎಂಬಾತನನ್ನು ಇಂಡಿಯಾನಕ್ಕೆ ಕೊಟ್ಟು ಬದಲಿಗೆ ಬರೆಸಿಕೊಂಡದ್ದು. ಹ್ಯೂಸ್ಟನ್ ನೈಜೀರಿಯಾದ ಒಲಾಜುವಾನನನ್ನು ಆರಿಸಿತು. ಅದರಲ್ಲಿ ಯಾರಿಗೂ ತಕರಾರಿಲ್ಲ. ಪೋರ್ಟ್‌ಲ್ಯಾಂಡ್ ಏಳು ಅಡಿ ಒಂದು ಇಂಚಿನ ಸ್ಯಾಮ್ ಬೋವಿಯನ್ನು ಆರಿಸಿತು. ಮೂರನೆಯ ಸರದಿಯ ಶಿಕಾಗೋ ಉಳಿದವನನ್ನು ತೆಗೆದುಕೊಂಡಿತು. ಉಳಿದವನ ಹೆಸರು ಮೈಕಲ್ ಜೋರ್ಡನ್.

ಈ ಮೂರು ವಾಕ್ಯ ಹೇಳಿ ಜಗತ್ತೆಲ್ಲ ನಕ್ಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಒಲೆಯ ಬೆಳಕಲ್ಲಿ ನಾವೆಲ್ಲ ಜಾಣರು. ಪೋರ್ಟ್‌ಲ್ಯಾಂಡಿನವರು ಕುರುಡರೇನೂ ಆಗಿರಲಿಲ್ಲ. ಜೋರ್ಡನ್ ಆಡುವ ಜಾಗದಲ್ಲಿ ಅವರ ಬಳಿ ಆಗಲೇ ಕ್ಲೈಡ್ ಡ್ರೆಕ್ಸ್ಲರ್ ಇದ್ದ, ಹಿಂದಿನ ವರ್ಷವಷ್ಟೇ 14ನೆಯ ಸರದಿಯಲ್ಲಿ ಸಿಕ್ಕಿದ ಮುತ್ತು. ಜಿಮ್ ಪ್ಯಾಕ್ಸನ್ ಬೇರೆ ಇದ್ದ. ಇರದಿದ್ದವನು ನಡುವಿನ ದೈತ್ಯ, ಅಂದರೆ ಸೆಂಟರ್. ಒಲಿಂಪಿಕ್ ತಂಡದ ತರಬೇತುದಾರ ಬಾಬ್ ನೈಟ್ ಪೋರ್ಟ್‌ಲ್ಯಾಂಡಿಗೆ ಆಟಗಾರರನ್ನು ಆರಿಸುತ್ತಿದ್ದ ಸ್ಟು ಇನ್ಮನ್‌ಗೆ ಜೋರ್ಡನ್‌ನನ್ನೇ ತಗೋ ಎಂದು ಹೇಳಿದಾಗ, ನಮಗೆ ಬೇಕಿರೋದು ಸೆಂಟರ್ ಎಂದು ಉತ್ತರ ಬಂತಂತೆ. ಹಾಗಾದರೆ ಜೋರ್ಡನ್‌ನನ್ನೇ ಸೆಂಟರಿನಲ್ಲಿ ಆಡಿಸು ಎಂದನಂತೆ ನೈಟ್. ಮನೆಗೆ ಬೀರು ಬೇಕೆಂದು ಅಂಗಡಿಗೆ ಹೋದವನು ವೀಣೆ ಕೊಂಡು ಬರುವುದಿಲ್ಲ. ವೀಣೆ ಎಷ್ಟೇ ಚೆನ್ನಾಗಿದ್ದರೂ ಬಟ್ಟೆ ಇಡಲು ಬರುವುದಿಲ್ಲವಲ್ಲ! ಅಷ್ಟೇಕೆ, ಜೋರ್ಡನ್ ಸಿಕ್ಕಿದ ಶಿಕಾಗೋದ ರಾಡ್ ಥಾರ್ನ್ ಕೂಡ ಆ ದಿನ ಕುಣಿದಾಡಲಿಲ್ಲ. ಏಳಡಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಪೇಚಾಡಿಕೊಂಡವರೇ.

ಬೋವಿಯ ಕಾಲಿನ ವಿಷಯ ಗುಟ್ಟಾಗಿರಲಿಲ್ಲ. ಕಾಲೇಜಿನಲ್ಲಿ ಎಡಗಾಲಿನ ಮೂಳೆ ಬಿರುಕು ಬಿಟ್ಟು ಎರಡು ಪೂರ್ತಿ ಸೀಸನ್ ಕೂತಿದ್ದ. ಪೋರ್ಟ್‌ಲ್ಯಾಂಡಿನ ವೈದ್ಯರು ಗಂಟೆಗಟ್ಟಲೆ ತಪಾಸಣೆ ಮಾಡಿದರು. ಸಣ್ಣ ಸುತ್ತಿಗೆಯಿಂದ ಮೂಳೆಯ ಮೇಲೆ ತಟ್ಟಿ, ನೋಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ. ನೋಯುತ್ತಿತ್ತು ಎಂದು ಒಪ್ಪಿಕೊಂಡದ್ದು 2012ರಲ್ಲಿ, ಒಂದು ಸಾಕ್ಷ್ಯಚಿತ್ರದಲ್ಲಿ, ಇಪ್ಪತ್ತೆಂಟು ವರ್ಷದ ಮೇಲೆ. ಮನೆಯವರ ಬಾಳು ಅದರ ಮೇಲೆ ನಿಂತಿರುವಾಗ ಬೇರೆ ಯಾರಾದರೂ ಏನು ಹೇಳುತ್ತಿದ್ದರು ಎನ್ನುವ ಧಾಟಿಯಲ್ಲಿ ಮಾತಾಡಿದ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರುವುದಿಲ್ಲ. ಕೆಲಸಕ್ಕೆ ಸೇರುವಾಗಿನ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣಿನ ಚಾರ್ಟನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡು ಹೋದವನು ನಾನು.

ಮೊದಲ ವರ್ಷ ಬೋವಿ 76 ಪಂದ್ಯ ಆಡಿದ, ಚೆನ್ನಾಗಿಯೇ ಆಡಿದ. ಮುಂದಿನ ನಾಲ್ಕು ವರ್ಷದಲ್ಲಿ ಎಲ್ಲ ಸೇರಿ 63. ಕಾಲು ಮುರಿಯುವುದು, ಕೂಡುವುದು, ಮುರಿಯುವುದು. 1989ರಲ್ಲಿ ಅವನನ್ನು ನ್ಯೂಜೆರ್ಸಿಗೆ ಕೊಟ್ಟು ಬಕ್ ವಿಲಿಯಮ್ಸ್ ಎಂಬ ದುಡಿಮೆಗಾರನನ್ನು ತಂದುಕೊಂಡರು. ನಗುವವರು ಇದನ್ನು ಹೇಳುವುದಿಲ್ಲ. ವಿಲಿಯಮ್ಸ್ ಬಂದ ಮೇಲೆ ಪೋರ್ಟ್‌ಲ್ಯಾಂಡ್ 1990ರಲ್ಲೂ 1992ರಲ್ಲೂ ಫೈನಲ್ ತಲುಪಿತು. ಬೋವಿಯಿಂದ ಬಂದ ಬಡ್ಡಿ ಅದು. ಆದರೆ 1992ರ ಫೈನಲ್‌ನಲ್ಲಿ ಎದುರಿಗೆ ನಿಂತಿದ್ದವನು ಯಾರು? ಮೊದಲ ಪಂದ್ಯದ ಮೊದಲರ್ಧದಲ್ಲೇ 35 ಅಂಕ, ದೂರದಿಂದ ಆರು ಮೂರಂಕದ ಹೊಡೆತ. ಆರನೆಯದು ಬಿದ್ದ ಮೇಲೆ ನನಗೂ ಅರ್ಥವಾಗುತ್ತಿಲ್ಲ ಎನ್ನುವ ಹಾಗೆ ಭುಜ ಕುಣಿಸಿದ ಜೋರ್ಡನ್. ಅವನನ್ನು ತಡೆಯಲು ಓಡಾಡುತ್ತಿದ್ದವನು ಡ್ರೆಕ್ಸ್ಲರ್, ಯಾರಿದ್ದಾನೆಂದು ಜೋರ್ಡನ್‌ನನ್ನು ಬಿಟ್ಟರೋ ಅವನೇ.

ಇಷ್ಟಾದ ಮೇಲಾದರೂ ಹುಚ್ಚು ಬಿಡಬೇಕಿತ್ತಲ್ಲ? 2007ರಲ್ಲಿ ಮತ್ತೆ ಏಳಡಿಯ ಓಡನ್. ಮೊದಲ ಸೀಸನ್ನು ಶುರುವಾಗುವ ಮುನ್ನವೇ ಮಂಡಿ ಶಸ್ತ್ರಚಿಕಿತ್ಸೆ. ಒಂದು ಸೀಸನ್ನಿನಲ್ಲಿ ಒಂದು ತಂಡ ಆಡುವ ಪಂದ್ಯ 82. ಓಡನ್ ಪೋರ್ಟ್‌ಲ್ಯಾಂಡಿಗಾಗಿ ತನ್ನ ಜೀವಮಾನದಲ್ಲಿ ಆಡಿದ್ದೂ ಸರಿಯಾಗಿ 82. ಅತ್ತ ಭಾರ ಎತ್ತಲಾರದ ಡ್ಯುರಾಂಟ್ ಅಂಕಗಳ ಗುಡ್ಡೆ ಹಾಕುತ್ತಿದ್ದ. ಆದರೂ ಆ ದಿನ ನೀವು ಪೋರ್ಟ್‌ಲ್ಯಾಂಡಿನ ಕುರ್ಚಿಯಲ್ಲಿ ಕೂತಿದ್ದರೆ ಓಡನ್‌ನನ್ನೇ ಆರಿಸುತ್ತಿದ್ದಿರಿ. ಹೆಚ್ಚಿನ ತಜ್ಞರೂ ಅದನ್ನೇ ಹೇಳಿದ್ದರು. ನನ್ನ ಅಳಿಯನೂ ಒಪ್ಪುತ್ತಾನೆ, ಹಲ್ಲು ಕಚ್ಚಿಕೊಂಡು.

ನನಗನ್ನಿಸುವುದು ಇಷ್ಟು. ಡ್ರಾಫ್ಟಿನ ಪಟ್ಟಿ ಓದಿದರೆ ಹುಡುಗರ ಗುಣ ಅಷ್ಟಾಗಿ ತಿಳಿಯುವುದಿಲ್ಲ, ಆರಿಸಿದ ಮನೆಯ ಕೊರಗು ತಿಳಿಯುತ್ತದೆ. ಸಂಬಂಧ ಹುಡುಕುವವರ ಮಾತು ಗಮನಿಸಿ. "ಹುಡುಗ ಮಾತು ಕಡಿಮೆ ಇರಬೇಕು" ಎನ್ನುವ ಮನೆಯಲ್ಲಿ ಈಗಾಗಲೇ ಒಬ್ಬ ಬಾಯಿಬಡುಕ ಅಳಿಯ ಇರುತ್ತಾನೆ.

ಹಾಗಾದರೆ ಆಟ ಬಲ್ಲವನೇ ಕುರ್ಚಿಯಲ್ಲಿ ಕೂತರೆ? ಅದೂ ಆಯಿತು. 2001ರಲ್ಲಿ ವಾಷಿಂಗ್ಟನ್ ವಿಜರ್ಡ್ಸ್‌ಗೆ ಮೊದಲ ಸರದಿ. ಆರಿಸುವ ಅಧಿಕಾರ ಸಾಕ್ಷಾತ್ ಮೈಕಲ್ ಜೋರ್ಡನ್‌ನದು. ಈ ಭೂಮಿಯ ಮೇಲೆ ಬ್ಯಾಸ್ಕೆಟ್‌ಬಾಲ್ ಅವನಿಗಿಂತ ಹೆಚ್ಚು ಯಾರಿಗೆ ಗೊತ್ತು? ಆತ ಆರಿಸಿದ್ದು ಹೈಸ್ಕೂಲಿನಿಂದ ನೇರ ಬಂದ ಕ್ವಾಮಿ ಬ್ರೌನ್‌ನನ್ನು. ಹೈಸ್ಕೂಲಿನ ಹುಡುಗನೊಬ್ಬ ಮೊದಲ ಸರದಿಯಲ್ಲಿ ಹೋದದ್ದು ಅದೇ ಮೊದಲು. ಹಾಲುಹಲ್ಲಿನ ಹೋರಿ. ಅದೇ ವರ್ಷ ಜೋರ್ಡನ್ ನಿವೃತ್ತಿ ಮುರಿದು ತಾನೇ ಆಡಲು ಇಳಿದು, ಆ ಹುಡುಗನ ಪಕ್ಕದಲ್ಲೇ ನಿಂತು ಬೈದ. ಪಾಪ, ನಿದ್ದೆಗೂ ಎಡೆ ಇರಲಿಕ್ಕಿಲ್ಲ. ಮೂರನೆಯ ಸರದಿಗೆ ಹೋದವನು ಪಾವ್ ಗ್ಯಾಸೋಲ್, 28ನೆಯದಕ್ಕೆ ಟೋನಿ ಪಾರ್ಕರ್. ಕ್ವಾಮಿಯ ಹೆಸರು ಇವತ್ತಿಗೂ ಗೇಲಿಯ ಮಾತು. ಆದರೆ ಆತ 12 ಸೀಸನ್ ಎನ್‌ಬಿಎಯಲ್ಲಿ ಆಡಿದ. ನಮ್ಮ ಬಂಧುಗಳಲ್ಲಿ ಯಾರಾದರೂ ಜಗತ್ತಿನ ಅತಿ ಕಷ್ಟದ ಕೆಲಸದಲ್ಲಿ ಹನ್ನೆರಡು ವರ್ಷ ನಿಂತಿದ್ದರೆ ಅವನನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದೆವು.

2018ರದ್ದು ಇನ್ನೂ ಸೋಜಿಗ. ಸ್ಲೊವೇನಿಯಾದ ಲೂಕಾ ಡಾಂಚಿಚ್ ಎಂಬ ಹುಡುಗ ಹತ್ತೊಂಬತ್ತಕ್ಕೇ ಯುರೋಪಿನಲ್ಲಿ ಗೆಲ್ಲಬೇಕಾದದ್ದನ್ನೆಲ್ಲ ಗೆದ್ದು ಬಂದಿದ್ದ. ಮೊದಲ ಸರದಿ ಫೀನಿಕ್ಸ್‌ನದು. ಅಲ್ಲಿಗೆ ಆಗಷ್ಟೇ ಬಂದಿದ್ದ ಕೋಚ್ ಇಗೋರ್ ಕೊಕೋಷ್ಕೊವ್, ಹಿಂದಿನ ವರ್ಷ ಇದೇ ಲೂಕಾನನ್ನು ಕಟ್ಟಿಕೊಂಡು ಸ್ಲೊವೇನಿಯಾಕ್ಕೆ ಯುರೋಪಿನ ಪ್ರಶಸ್ತಿ ಗೆಲ್ಲಿಸಿಕೊಟ್ಟವನು. ಬಿಟ್ಟರು, ಸೆಂಟರ್ ಡಿಆಂಡ್ರೆ ಏಟನ್‌ನನ್ನು ತಗೊಂಡರು. ಎರಡನೆಯದು ಸ್ಯಾಕ್ರಮೆಂಟೊ ಕಿಂಗ್ಸ್. ಮಾಲೀಕರು ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ, ಆರಿಸುವವನು ಸರ್ಬಿಯಾದ ವ್ಲಾಡೆ ದಿವಾಚ್, ಲೂಕಾನ ಸೀಮೆಯವನೇ. ಅವನೂ ಬಿಟ್ಟ, ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿದ. ಹುಡುಗನನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲ ಇಬ್ಬರು, ಎರಡು ಸರದಿ, ಎರಡೂ ಬೇರೆ ಕಡೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಬಾಲ್ಕನ್ ಸೀಮೆಯಲ್ಲೂ ಉಂಟು ಅಂತಾಯಿತು. ಈ ದಿವಾಚ್ ಯಾರು ಗೊತ್ತೇ? 1996ರಲ್ಲಿ ಹದಿಮೂರನೆಯವನಾಗಿ ಆಯ್ಕೆಯಾದ ಹುಡುಗನೊಬ್ಬನನ್ನು ಪಡೆಯಲು ಲೇಕರ್ಸ್ ತಂಡ ಬದಲಿಗೆ ಕೊಟ್ಟ ಆಟಗಾರ. ಆ ಹುಡುಗ ಕೋಬಿ ಬ್ರಯಂಟ್. ಎರಡು ತಪ್ಪು ವ್ಯಾಪಾರಗಳ ನಡುವೆ ಒಬ್ಬನೇ ಮನುಷ್ಯ, ಒಮ್ಮೆ ಸರಕಾಗಿ, ಒಮ್ಮೆ ಗಿರಾಕಿಯಾಗಿ.

ಲೂಕಾ ಅಟ್ಲಾಂಟಾದ ಮೂಲಕ ಡಲ್ಲಾಸ್ ಸೇರಿದ. ಡಲ್ಲಾಸ್‌ನವರು ಆರೂವರೆ ವರ್ಷ ಸುಖವಾಗಿದ್ದು 2025ರ ಫೆಬ್ರುವರಿಯಲ್ಲಿ ಅವನನ್ನು ಲೇಕರ್ಸ್‌ಗೆ ಕೊಟ್ಟುಬಿಟ್ಟರು. ಆ ತಿಂಗಳು ನಮ್ಮ ಹುಡುಗ ಸರಿಯಾಗಿ ಊಟ ಮಾಡಲಿಲ್ಲ. ಅದರ ಮಾತು ಬೇಡ.

ಡೆಟ್ರಾಯಿಟ್ ಪಿಸ್ಟನ್ಸ್‌ದು ಬೇರೆಯೇ ಪ್ರಕರಣ. 2003ರಲ್ಲಿ ಮೊದಲಿಗ ಲೆಬ್ರಾನ್ ಜೇಮ್ಸ್. ಎರಡನೇ ಸರದಿಯ ಡೆಟ್ರಾಯಿಟ್ ಹದಿನೆಂಟರ ಡಾರ್ಕೊ ಮಿಲಿಚಿಚ್‌ನನ್ನು ಆರಿಸಿತು. ಆಮೇಲೆ ಹೋದವರು ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್, ಡ್ವೇನ್ ವೇಡ್. ಡಾರ್ಕೊ ಬೆಂಚಿನ ಮೇಲೆ ಕೂತ. ತಂಡ ಗೆಲ್ಲುವುದು ಖಾತ್ರಿಯಾದ ಮೇಲೆ ಕೊನೆಯ ಎರಡು ನಿಮಿಷಕ್ಕೆ ಅವನನ್ನು ಇಳಿಸುತ್ತಿದ್ದರು, ಊಟವಾದ ಮೇಲೆ ಎಲೆಯಡಿಕೆ ಕೊಡುವಂತೆ. ಶತಮಾನದ ತಪ್ಪು ಎಂದು ಎಲ್ಲರೂ ಬರೆದರು. ಆದರೆ ಮರುವರ್ಷ, 2004ರಲ್ಲಿ, ಪ್ರಶಸ್ತಿ ಗೆದ್ದವರು ಯಾರು? ಅದೇ ಡೆಟ್ರಾಯಿಟ್. ಈಗ ಅಂಕ ಕೊಡಿ ನೋಡೋಣ. ಡಾರ್ಕೊ ಸರ್ಬಿಯಾಕ್ಕೆ ಮರಳಿ ಸೇಬಿನ ತೋಟ ಮಾಡಿಕೊಂಡಿದ್ದಾನೆ. ಬೆಂಚಿನ ಮೇಲೆ ಕೂತು ಸಾಕಾದವನಿಗೆ ಮರದ ನೆರಳು ಹಿತವಾಗಿರಬೇಕು.

ಮಿನೆಸೋಟದವರು 2009ರಲ್ಲಿ ಐದನೆಯ, ಆರನೆಯ ಸರದಿಗಳೆರಡರಲ್ಲೂ ಚೆಂಡು ನಡೆಸುವ ಹುಡುಗರನ್ನೇ ಆರಿಸಿ, ಏಳನೆಯವನಾಗಿ ಸ್ಟೆಫ್ ಕರಿಯನ್ನು ಗೋಲ್ಡನ್ ಸ್ಟೇಟ್‌ಗೆ ಬಿಟ್ಟುಕೊಟ್ಟರು. ಅದೇ ದಿನ 18ನೆಯ ಸರದಿಯಲ್ಲಿ ಅದೇ ಜಾಗಕ್ಕೆ ಇನ್ನೊಬ್ಬನನ್ನೂ ಆರಿಸಿದರು. ಸಂತೆಗೆ ಹೋಗಿ ಮೂರು ಕೊಡೆ ತಂದು ಚಪ್ಪಲಿ ಮರೆತ ಹಾಗೆ. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ಈ ಅಂಕ ಕೊಡುವ ಶಾಸ್ತ್ರದ ಮೇಲೂ ನನಗೊಂದು ಗುಮಾನಿ. ಡ್ರಾಫ್ಟಿಗೆ ವಾರ ಮುಂಚೆ ಪಂಡಿತರು ತಮ್ಮದೇ ಪಟ್ಟಿ ಬರೆಯುತ್ತಾರೆ, ಇವನು ಒಂದನೆಯವನು, ಇವನು ಹನ್ನೆರಡನೆಯವನು. ಮರುದಿನ ಅದೇ ಪಟ್ಟಿ ಹಿಡಿದು ತಂಡಗಳ ಪೇಪರು ತಿದ್ದುತ್ತಾರೆ. ಪಟ್ಟಿಗೆ ಹತ್ತಿರವಿದ್ದರೆ ಎ, ದೂರವಿದ್ದರೆ ಡಿ. ಅಂದರೆ ಅಂಕ ಬೀಳುವುದು ತಂಡದ ಬುದ್ಧಿಗಲ್ಲ, ಪಂಡಿತರ ಮಾತಿಗೆ ತಂಡ ಎಷ್ಟು ಹೂಂಗುಟ್ಟಿತು ಎನ್ನುವುದಕ್ಕೆ. ನಮ್ಮ ಗಣಿತದ ಮೇಷ್ಟ್ರೊಬ್ಬರು ಲೆಕ್ಕದ ಉತ್ತರ ಸರಿಯಿದ್ದರೂ ತಾವು ಹೇಳಿಕೊಟ್ಟ ದಾರಿಯಲ್ಲಿ ಮಾಡದಿದ್ದರೆ ಸೊನ್ನೆ ಸುತ್ತುತ್ತಿದ್ದರು.

2014ರಲ್ಲಿ 41ನೆಯ ಸರದಿ ಡೆನ್ವರ್‌ನದು. ಅಷ್ಟು ಹೊತ್ತಿಗೆ ಟಿವಿಯವರಿಗೂ ಬೇಸರ ಬಂದು ತಿಂಡಿಯ ಜಾಹೀರಾತು ಹಾಕಿದ್ದರು. ಆ ಜಾಹೀರಾತಿನ ನಡುವೆ ಪರದೆಯ ತಳದಲ್ಲಿ ಒಂದು ಹೆಸರು ಹರಿದುಹೋಯಿತು, ನಿಕೊಲಾ ಯೋಕಿಚ್. ಹೆಸರಿನ ಯಜಮಾನ ಸರ್ಬಿಯಾದಲ್ಲಿ ಮಲಗಿ ನಿದ್ದೆ ಹೊಡೆಯುತ್ತಿದ್ದ. ದಪ್ಪ ಮೈ, ನೆಗೆತ ಇಲ್ಲ, ಓಟವೂ ಅಷ್ಟಕ್ಕಷ್ಟೇ. ಈಗ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ, 2023ರಲ್ಲಿ ಡೆನ್ವರ್‌ಗೆ ಅದರ ಮೊಟ್ಟಮೊದಲ ಪ್ರಶಸ್ತಿ ಗೆದ್ದುಕೊಟ್ಟವನು. ಡೆನ್ವರ್‌ನವರ ಕಣ್ಣೇ ಕಣ್ಣು ಎಂದು ಹೊಗಳುವವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದೇ ಡೆನ್ವರ್ ಅದೇ ರಾತ್ರಿ 16ನೆಯ ಸರದಿಯ ಹುಡುಗನಾಗಿ ಮನೆಗೆ ಕರೆತಂದದ್ದು ಯಾರನ್ನು? ಯೂಸುಫ್ ನುರ್ಕಿಚ್ ಎಂಬ ಬಾಲ್ಕನ್ ಕಡೆಯದೇ ಇನ್ನೊಬ್ಬ ದೈತ್ಯನನ್ನು. ಯೋಕಿಚ್ ಇಂಥವನಾಗುತ್ತಾನೆ ಎಂದು ಗೊತ್ತಿದ್ದವರು 41ರ ತನಕ ಕಾಯುತ್ತಿದ್ದರೇ? ಡೆನ್ವರ್ ಸೇರಿ ಎಲ್ಲರೂ 40 ಸಲ ತಪ್ಪಿದರು, ಡೆನ್ವರ್ ಕೊನೆಯದಾಗಿ ತಪ್ಪುವುದನ್ನು ನಿಲ್ಲಿಸಿತು. ಆ ಯೋಕಿಚ್‌ಗೆ ಕುದುರೆ ಎಂದರೆ ಪ್ರಾಣ. ಬೇಸಿಗೆ ಬಂತೆಂದರೆ ಊರು ಸೊಂಬೋರಿಗೆ ಓಡಿ ಗಾಡಿ ಕುದುರೆಗಳ ಓಟದಲ್ಲಿ ಮುಳುಗಿಬಿಡುತ್ತಾನೆ. ಅವನು ಕುದುರೆ ಕೊಳ್ಳುವಾಗ ಏನು ನೋಡುತ್ತಾನೋ, ಹಲ್ಲೋ, ನೆಗೆತವೋ, ಕೇಳಬೇಕೆಂದು ನನಗೆ ಬಹಳ ಆಸೆ.

ನಮ್ಮ ದೇಶದ ಹೆಸರೂ ಒಮ್ಮೆ ಆ ಚೀಟಿಯಲ್ಲಿ ಬಂತು. 2015ರಲ್ಲಿ 52ನೆಯವನಾಗಿ ಡಲ್ಲಾಸ್ ಆರಿಸಿದ್ದು ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು, ಏಳು ಅಡಿ ಎರಡು ಇಂಚಿನ ರೈತನ ಮಗ. ಹದಿನಾಲ್ಕಕ್ಕೆ ಫ್ಲಾರಿಡಾದ ಅಕಾಡೆಮಿಗೆ ಹೋದವನು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಕೇಸರಿಭಾತು. ಸತ್ನಾಮ್ ಎನ್‌ಬಿಎಯಲ್ಲಿ ಒಂದು ಪಂದ್ಯವೂ ಆಡಲಿಲ್ಲ, ಆಮೇಲೆ ಅಮೆರಿಕದಲ್ಲೇ ಕುಸ್ತಿ ಪ್ರದರ್ಶನಗಳಿಗೆ ಇಳಿದ. ಆ ದಿನದ ಆಯ್ಕೆಗೆ ಎಷ್ಟು ಅಂಕ ಎಂದು ಅಳಿಯನನ್ನು ಕೇಳಿದರೆ ಅವನು ಅಂಕ ಕೊಡುವುದಿಲ್ಲ. "ಅದು ಬೇರೆ ಮಾವ" ಎನ್ನುತ್ತಾನೆ.

ಅವನು ಮೊದಲ ಬಾರಿ ಅಂಕ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. 2013ರ ಜೂನ್. ಪಿಯುಸಿಗೆಂದು ನಮ್ಮ ಮನೆಗೆ ಆಗಷ್ಟೇ ಬಂದಿದ್ದ, ಮೀಸೆ ಇನ್ನೂ ಚಿಗುರುತ್ತಿತ್ತು. 15ನೆಯ ಸರದಿಯಲ್ಲಿ ಮಿಲ್ವಾಕಿಯವರು ಗ್ರೀಸ್ ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ಹದಿನೆಂಟರ ಪೋರನೊಬ್ಬನನ್ನು ಆರಿಸಿದರು. ಹೆಸರು ಓದುವುದೇ ಕಷ್ಟ. ನೈಜೀರಿಯಾದಿಂದ ಹೋಗಿ ಅಥೆನ್ಸ್‌ನಲ್ಲಿ ನೆಲೆಸಿದ ಬಡ ದಂಪತಿಯ ಮಗ, ಯಾನಿಸ್ ಆಂಟೆಟೊಕೂನ್ಪೊ. ನಮ್ಮವನು ಬಿಸ್ಕತ್ತು ಕಾಫಿಯಲ್ಲಿ ಅದ್ದಿ, "ಡಿ ಮೈನಸ್. ಕೈಕಾಲು ಉದ್ದ ಇದೆ ಅಷ್ಟೇ, ಚೆಂಡು ಎಸೆಯೋಕೆ ಬರಲ್ಲ" ಎಂದು ತೀರ್ಪು ಕೊಟ್ಟ. ಅದ್ದಿದ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.

ಯಾನಿಸ್ 2019ರಲ್ಲೂ 2020ರಲ್ಲೂ ಲೀಗಿನ ಅತ್ಯುತ್ತಮ ಆಟಗಾರನಾದ. 2021ರ ಜುಲೈನಲ್ಲಿ ಫೈನಲ್‌ನ ಆರನೇ ಪಂದ್ಯ. ನಾನೂ ನಮ್ಮವನ ಜೊತೆ ಕೂತಿದ್ದೆ. ಆ ಮನುಷ್ಯ ಒಬ್ಬನೇ 50 ಅಂಕ ಹೊಡೆದ. ಇಡೀ ಟೂರ್ನಿಯಲ್ಲಿ ಅವನು ಫ್ರೀ ಥ್ರೋ ಎಸೆಯಲು ನಿಂತಾಗ ಎದುರಾಳಿ ಊರಿನ ಜನ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸಿ ಗೇಲಿ ಮಾಡುತ್ತಿದ್ದರು, ಅಷ್ಟು ನಿಧಾನ, ಅಷ್ಟು ಒಡ್ಡೊಡ್ಡು. ಆ ರಾತ್ರಿ 19ರಲ್ಲಿ 17 ಒಳಗೆ ಹಾಕಿದ. ಐವತ್ತು ವರ್ಷದ ಮೇಲೆ ಮಿಲ್ವಾಕಿಗೆ ಪ್ರಶಸ್ತಿ ಬಂತು. ಊರಿಗೆ ಊರೇ ಬೀದಿಗೆ ಇಳಿದಿತ್ತು. ಯಾನಿಸ್ ಕುರ್ಚಿಯ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ನಾನು ಏನೂ ಹೇಳಲಿಲ್ಲ. ಸುಮ್ಮನೆ ನಮ್ಮ ಪರೀಕ್ಷಕನ ಮುಖ ನೋಡಿದೆ. ಅವನು ಸ್ವಲ್ಪ ಹೊತ್ತು ಪರದೆಯನ್ನೇ ದಿಟ್ಟಿಸಿ, ರಿಮೋಟು ಕೈಗೆತ್ತಿಕೊಂಡು, ಆ ಕೊನೆಯ ಫ್ರೀ ಥ್ರೋವನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದ.

"ಮೊಣಕೈ ನೋಡಿ ಮಾವ" ಎಂದ. "ಇವತ್ತಿಗೂ ಸರಿ ಇಲ್ಲ."